ಪಿನ್ನಾ, ಸ್ಪೈರಲ್ಲಾ, ಕೋಂಬಾ? ಆಫೀಸ್ ಕಾಗದ ಕಟ್ಟಿಸುವ ಮೊದಲು

ಚಿಕ್ಕಮಗಳೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವರು ದಿನಾ ಕೇಳುವ ಮಾತು: "ಬೈಂಡಿಂಗ್ ಮಾಡಿಕೊಡಿ." ಯಾವ ಬೈಂಡಿಂಗ್ ಅಂದರೆ, "ಯಾವುದಾದ್ರೂ ಮಾಡಿ ಸಾರ್, ಬೇಗ ಆಗ್ಲಿ." ಆಡಿಟರ್ ಆಫೀಸಿನ ಹುಡುಗ, ಎಸ್ಟೇಟ್ ರೈಟರ್, ಸೊಸೈಟಿ ಕಾರ್ಯದರ್ಶಿ, ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ಬಂದ ಕಾಲೇಜು ಮಕ್ಕಳು, ಎಲ್ಲರದೂ ಇದೇ ಉತ್ತರ. ಸ್ವಲ್ಪ ದಿನ ಬಿಟ್ಟು ಅದೇ ಪ್ರತಿ ಕೌಂಟರಿಗೆ ವಾಪಸ್ ಬರುತ್ತದೆ. ಒಂದೋ ಎರಡು ಹಾಳೆ ಸೇರಿಸಬೇಕಿರುತ್ತದೆ, ಇಲ್ಲಾ ಸ್ಕ್ಯಾನ್ ಮಾಡಲು ಬಿಚ್ಚಬೇಕಿರುತ್ತದೆ.

ಅದಕ್ಕೇ ನಾನು ಮೊದಲು ಕೇಳುವುದು ಕಟ್ಟುವ ವಿಚಾರ ಅಲ್ಲ. ಮುಂದೆ ಇದನ್ನು ಬಿಚ್ಚುವ ಸಂದರ್ಭ ಬರುತ್ತಾ? ಬಂದರೆ ಬಿಚ್ಚುವವರು ಯಾರು, ನೀವಾ, ಬೇರೆಯವರಾ? ಅಥವಾ ಯಾರೂ ಬಿಚ್ಚಲೇಬಾರದು ಅನ್ನುವಂಥ ಕಾಗದವಾ? ಇಷ್ಟು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎರಡನೆಯದು ದಪ್ಪ. ಜೆರಾಕ್ಸಿಗೆ ಬಳಸುವ, ಚದರ ಮೀಟರಿಗೆ 75–80 ಗ್ರಾಂ ತೂಗುವ, ಅಂದರೆ 75–80 ಜಿಎಸ್‌ಎಂ ಹಾಳೆ ನೂರು ಸೇರಿದರೆ ಹತ್ತಿರ ಹತ್ತಿರ 10 ಮಿಲಿಮೀಟರ್ ಆಗುತ್ತದೆ. ಐನೂರರ ಒಂದು ರೀಮ್ ಎಂದರೆ 5 ಸೆಂಟಿಮೀಟರ್. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪುಟ ಬೇರೆ, ಹಾಳೆ ಬೇರೆ ಅನ್ನುವುದನ್ನೂ ಮರೆಯಬೇಡಿ. ಎರಡೂ ಕಡೆ ಪ್ರಿಂಟ್ ಆದ 200 ಪುಟ ಅಂದರೆ 100 ಹಾಳೆ.

ಮೂರನೆಯದು, ಇದನ್ನು ಓದುವವರು ಹೇಗೆ ಓದುತ್ತಾರೆ? ಪಕ್ಕದಲ್ಲಿ ಬಿಡಿಸಿಟ್ಟುಕೊಂಡು ಕಂಪ್ಯೂಟರಿಗೆ ಅಂಕಿ ಹೊಡೆಯುತ್ತಾರಾ, ಕೈಯಲ್ಲಿ ಹಿಡಿದು ತೋಟ ಸುತ್ತುತ್ತಾರಾ, ಅಥವಾ ಒಮ್ಮೆ ತಿರುವಿ ಬೀರುವಿಗೆ ಸೇರಿಸುತ್ತಾರಾ? ನಾಲ್ಕನೆಯದು ಎಲ್ಲಿ ಇರುತ್ತದೆ ಅನ್ನುವುದು. ಕಡೂರು, ಅರಸೀಕೆರೆ ಕಡೆಯ ಒಣ ಹವೆಯ ಬೀರು ಬೇರೆ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಮಳೆಗಾಲದ ಬೀರು ಬೇರೆ. ಕೊನೆಗೆ ಎಷ್ಟು ಪ್ರತಿ, ಎಷ್ಟು ದುಡ್ಡು.

ಪಿನ್ನು: ಅಗ್ಗ, ಆದರೆ ಸರಿಯಾಗಿ ಹೊಡೆದರೆ

ಇಪ್ಪತ್ತು ಹಾಳೆ ಒಳಗಿನ ಕಾಗದಕ್ಕೆ ಬೈಂಡಿಂಗ್ ಮಾಡಿಸುವುದು ಸುಮ್ನೆ ಖರ್ಚು. ಸ್ಟೇಪ್ಲರ್ ಸಾಕು. ಚಿಕ್ಕ ಹತ್ತನೇ ನಂಬರ್ ಪಿನ್ನಿನ ಸ್ಟೇಪ್ಲರ್ ಹದಿನೈದು ಹಾಳೆ ಆರಾಮಾಗಿ ಹಿಡಿಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ 24/6 ಪಿನ್ನು. ಡಬ್ಬಿ ಮೇಲಿನ ಈ ನಂಬರಿನಲ್ಲಿ ಮೊದಲನೆಯದು ತಂತಿಯ ಗೇಜ್, ಅಂದರೆ ತಂತಿ ಎಷ್ಟು ದಪ್ಪ ಅನ್ನುವುದು, ಎರಡನೆಯದು ಪಿನ್ನಿನ ಕಾಲು ಎಷ್ಟು ಮಿಲಿಮೀಟರ್ ಉದ್ದ ಅನ್ನುವುದು. ದಪ್ಪ ಕಟ್ಟಿಗೆ ಬರುವ ಹೆವಿ ಡ್ಯೂಟಿ ಸ್ಟೇಪ್ಲರಿನ 23/13 ಪಿನ್ನು ನೂರು ಹಾಳೆಗೆ ಹೇಗೆ ಸಾಲುತ್ತದೆ ಅಂತ ಈಗ ನೀವೇ ಹೇಳಬಹುದು. ಹಾಳೆ 10 ಮಿಲಿಮೀಟರ್, ಮಡಚಿಕೊಳ್ಳಲು ಉಳಿದ 3.

ಮೂಲೆಗೆ ಪಿನ್ ಹೊಡೆಯುವಾಗ ನೇರ ಹೊಡೆಯಬೇಡಿ, ಓರೆಯಾಗಿ ಹೊಡೆಯಿರಿ. ಹಾಳೆ ತಿರುವುವಾಗ ಮಡಿಕೆ ಪಿನ್ನಿನ ಗುಂಟವೇ ಬೀಳುತ್ತದೆ, ಹರಿಯುವುದು ಕಡಿಮೆ. ಇನ್ನೊಂದು ವಿಷಯ, ನಿಮ್ಮ ಸ್ಟೇಪ್ಲರಿನ ಕೆಳಗಿನ ಲೋಹದ ಬಿಲ್ಲೆಯನ್ನು ಒಮ್ಮೆ ನೋಡಿ. ಬಹಳಷ್ಟು ಸ್ಟೇಪ್ಲರುಗಳಲ್ಲಿ ಅದು ತಿರುಗುತ್ತದೆ. ಒಂದು ಕಡೆ ಇಟ್ಟರೆ ಪಿನ್ನಿನ ಕಾಲು ಒಳಗೆ ಮಡಚುತ್ತದೆ, ಗಟ್ಟಿ. ತಿರುಗಿಸಿ ಇಟ್ಟರೆ ಕಾಲು ಹೊರಗೆ ಚಾಚುತ್ತದೆ, ಉಗುರಿನಲ್ಲೇ ಎಳೆದು ತೆಗೆಯಬಹುದು. ನಾಳೆ ಸ್ಕ್ಯಾನಿಗೆ ಹೋಗುವ ಬಿಲ್ಲುಗಳಿಗೆ ಈ ಎರಡನೆಯದೇ ಸರಿ. ಎಷ್ಟೋ ಆಫೀಸಿನಲ್ಲಿ ಸ್ಟೇಪ್ಲರ್ ಹಳೆಯದಾಗಿ ಎಸೆಯುವವರೆಗೂ ಆ ಬಿಲ್ಲೆ ತಿರುಗುತ್ತದೆ ಅಂತ ಯಾರೂ ನೋಡಿರುವುದಿಲ್ಲ.

ಸೊಸೈಟಿಯ ವಾರ್ಷಿಕ ಮಹಾಸಭೆಗೆ ನೂರಾರು ಪ್ರತಿ ಬೇಕಾದಾಗ ಸೆಂಟರ್ ಪಿನ್ನನ್ನು ಮೀರಿಸುವುದು ಯಾವುದೂ ಇಲ್ಲ. ಎ4 ಹಾಳೆ ಮಧ್ಯಕ್ಕೆ ಮಡಚಿ, ಬೆನ್ನಿಗೆ ಎರಡು ಪಿನ್ನು. ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ ಒಟ್ಟು ಪುಟ ನಾಲ್ಕರ ಲೆಕ್ಕದಲ್ಲೇ ಬರಬೇಕು: 32, 36, 40 ಹೀಗೆ. 38 ಪುಟ ತಂದರೆ ಎರಡು ಪುಟ ಖಾಲಿ ಹೋಗುತ್ತದೆ. ಅಲ್ಲಿ ಸದಸ್ಯರ ಟಿಪ್ಪಣಿಗೆ ಗೆರೆ ಹಾಕಿಸಿ. ಹಾಳೆ ಹದಿನೈದು ದಾಟಿದರೆ ಮಡಚಿದ ಪುಸ್ತಕ ಮುಚ್ಚಿಕೊಂಡು ಕೂರುವುದಿಲ್ಲ, ಬಾಯಿ ಬಿಡುತ್ತದೆ. ಒಳಗಿನ ಹಾಳೆಗಳು ಅಂಚಿನಲ್ಲಿ ಹೊರಗೆ ಇಣುಕುತ್ತವೆ ಕೂಡ, ಕತ್ತರಿಸಿ ನೇರ ಮಾಡಬೇಕಾಗುತ್ತದೆ.

ಪಿನ್ನಿನ ದೊಡ್ಡ ಶತ್ರು ನಮ್ಮ ಮಲೆನಾಡಿನ ಮಳೆ. ಒಂದೆರಡು ಮಳೆಗಾಲ ಕಳೆದ ಫೈಲ್ ತೆಗೆದು ನೋಡಿ, ಪಿನ್ನಿನ ಸುತ್ತ ಕಂದು ಕಲೆ. ಇನ್ನೂ ಬಿಟ್ಟರೆ ತುಕ್ಕು ಹಾಳೆಯನ್ನೇ ತಿಂದು ತೂತು ಮಾಡುತ್ತದೆ. ಹತ್ತು ವರ್ಷ ಇಡಬೇಕಾದ ಕಾಗದಕ್ಕೆ ಪಿನ್ನು ಬೇಡವೇ ಬೇಡ.

ಟ್ಯಾಗು, ಸ್ಟಿಕ್ ಫೈಲು, ಬಾಕ್ಸ್ ಫೈಲು

ಸರ್ಕಾರಿ ಕಡತಗಳ ಎಡ ಮೂಲೆಯಲ್ಲಿ ಕಾಣುವ, ಎರಡೂ ತುದಿಗೆ ಲೋಹದ ಮೊನೆ ಇರುವ ಹತ್ತಿದಾರವೇ ಟ್ಯಾಗು. ಇದಕ್ಕಿಂತ ಸುಲಭವಾಗಿ ಸೇರಿಸಿ ತೆಗೆಯುವ ವಿಧಾನ ಇನ್ನೊಂದಿಲ್ಲ. ಪ್ರತಿದಿನ ಬೆಳೆಯುವ ಫೈಲಿಗೆ, ಅಂದರೆ ಪತ್ರವ್ಯವಹಾರ, ಅರ್ಜಿ, ಹಿಂಬರಹ ಸೇರುತ್ತಾ ಹೋಗುವಂಥದ್ದಕ್ಕೆ, ಇಂದಿಗೂ ಟ್ಯಾಗೇ ಸರಿ. ನೋಡಲು ಚೆಂದ ಇಲ್ಲ ನಿಜ. ಮೂಲೆಯ ತೂತು ಹಿಗ್ಗುತ್ತದೆ, ತೂತಿನ ಸುತ್ತ ಒಂದು ತುಂಡು ಗಟ್ಟಿ ಕಾಗದ ಅಂಟಿಸಿದರೆ ಸಮಸ್ಯೆ ಕಡಿಮೆ.

ಕಾಗದ ರಾಶಿ ಬೀಳುವ ಕಡೆಗೆ ಬಾಕ್ಸ್ ಫೈಲು. ಎರಡು ತೂತಿನ ಪಂಚಿನಲ್ಲಿ ತೂತುಗಳ ನಡುವೆ 80 ಮಿಲಿಮೀಟರ್ ಅಂತರ ಎಲ್ಲ ಕಂಪನಿಯವರೂ ಪಾಲಿಸುತ್ತಾರೆ, ಹಾಗಾಗಿ ಯಾರ ಪಂಚಾದರೂ ಯಾರ ಫೈಲಿಗಾದರೂ ಹೊಂದುತ್ತದೆ. ಬೆನ್ನಿನ ಮೇಲೆ ಚೀಟಿ ಅಂಟಿಸಬಹುದು. ಸಾಲಾಗಿ ನಿಲ್ಲಿಸಿದ ಬೀರುವಿನಲ್ಲಿ ಬೇಕಾದ ಫೈಲು ಹುಡುಕಲು ಇದರಷ್ಟು ಸುಲಭ ಯಾವುದೂ ಇಲ್ಲ. ಎಸ್ಟೇಟ್ ಆಫೀಸಿನ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಪ್ರಿಂಟು, ಗೊಬ್ಬರದ ಬಿಲ್ಲು, ಲಾರಿ ರಸೀದಿ, ಎಲ್ಲಕ್ಕೂ ಇದೇ. ದುಡ್ಡು ಫೈಲಿಗೆ ಮಾತ್ರ, ಹಾಳೆ ಜಾಸ್ತಿ ಆದರೂ ಖರ್ಚು ಜಾಸ್ತಿ ಆಗುವುದಿಲ್ಲ.

ಸ್ಟಿಕ್ ಫೈಲು ಎಂದರೆ ಪ್ಲಾಸ್ಟಿಕ್ ಪಟ್ಟಿಯನ್ನು ಹಾಳೆಗಳ ಬೆನ್ನಿಗೆ ಸರಕ್ಕನೆ ಎಳೆದು ಹಾಕುವುದು. ತೂತು ಬೇಡ, ಮಷೀನು ಬೇಡ. ಮೂವತ್ತು ನಲವತ್ತು ಹಾಳೆವರೆಗೆ ಇಂಟರ್ವ್ಯೂಗೆ, ಸೆಮಿನಾರಿಗೆ, ಬ್ಯಾಂಕ್ ಲೋನ್ ಅರ್ಜಿಗೆ ಚೆನ್ನ. ತೆಳು ಕಟ್ಟಿಗೆ ದಪ್ಪ ಪಟ್ಟಿ ಹಾಕಿದರೆ ಒಂದೊಂದೇ ಹಾಳೆ ಜಾರಿ ಬೀಳುತ್ತದೆ, ಕೊಳ್ಳುವಾಗ ಅದನ್ನೊಂದು ನೋಡಿಕೊಳ್ಳಿ.

ಸ್ಪೈರಲ್ಲಾ, ಕೋಂಬಾ

ನಿಜವಾದ ತಲೆನೋವು ಇಲ್ಲಿ. ಕೌಂಟರಿನಲ್ಲಿ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಎರಡೂ ಪ್ಲಾಸ್ಟಿಕ್, ಎರಡಕ್ಕೂ ಮುಂದೆ ಪಾರದರ್ಶಕ ಶೀಟು, ಹಿಂದೆ ಬಣ್ಣದ ಶೀಟು. ಆದರೆ ಗುಣ ಬೇರೆ.

ಸ್ಪೈರಲ್‌ನಲ್ಲಿ ಅಂಚಿನ ಉದ್ದಕ್ಕೂ ದುಂಡನೆಯ ತೂತು. ಅದರೊಳಗೆ ಸುರುಳಿಯನ್ನು ತಿರುಗಿಸುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸುತ್ತೇವೆ. ಕೊನೆಯಲ್ಲಿ ಎರಡೂ ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಒಳಕ್ಕೆ ಬಗ್ಗಿಸಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ, ಸುರುಳಿ ದಿನಾ ಸ್ವಲ್ಪ ಸ್ವಲ್ಪ ತಿರುಗುತ್ತಾ ಕೆಳಗೆ ಇಳಿಯುತ್ತದೆ. ಒಂದು ದಿನ ನಾಲ್ಕು ಬೆರಳು ಹೊರಗೆ ಬಂದು ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನ ಹಾಳೆಗಳು ಬಿಡಿಯಾಗಿರುತ್ತವೆ. ಪ್ರತಿ ಕೈಗೆ ಬಂದಾಗ ಎರಡೂ ತುದಿ ಮುಟ್ಟಿ ನೋಡಿ. ಬಗ್ಗಿಸಿಲ್ಲದಿದ್ದರೆ ಅಲ್ಲೇ ಮಾಡಿಸಿಕೊಳ್ಳಿ.

ಸ್ಪೈರಲ್ಲಿನ ಗೆಲುವು ಇರುವುದು ಒರಟು ಬಳಕೆಯಲ್ಲಿ. ಪೂರ್ತಿ ಹಿಂದಕ್ಕೆ ಮಡಚಿ ಒಂದೇ ಕೈಯಲ್ಲಿ ಹಿಡಿಯಬಹುದು. ಬ್ಯಾಗಿನಲ್ಲಿ ತುರುಕಿದರೂ ಸುರುಳಿ ಬಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಸರ್ವೆ, ಫೀಲ್ಡ್ ಪುಸ್ತಕ, ಮಕ್ಕಳ ನೋಟ್ಸು, ತರಬೇತಿ ಕೈಪಿಡಿಗೆ ಇದೇ ಸರಿ. ಸುರುಳಿಯನ್ನು ಬೇಕಾದ ಉದ್ದಕ್ಕೆ ಕತ್ತರಿಸಬಹುದಾದ್ದರಿಂದ ಲೀಗಲ್ ಸೈಜಿನ ಉದ್ದ ಹಾಳೆಗೂ ತೊಂದರೆ ಇಲ್ಲ.

ಸೋಲು ಎಲ್ಲಿ ಅಂದರೆ ಹಾಳೆ ಸೇರಿಸುವಲ್ಲಿ. ಸುರುಳಿಯನ್ನು ಪೂರ್ತಿ ಹೊರಗೆ ತೆಗೆದು ಮತ್ತೆ ಓಡಿಸಬೇಕು, ತುದಿ ಕತ್ತರಿಸಿದ್ದರಿಂದ ಕೆಲವೊಮ್ಮೆ ಹೊಸದೇ ಬೇಕಾಗುತ್ತದೆ. ಪುಸ್ತಕ ಬಿಡಿಸಿಟ್ಟರೆ ಎಡ ಬಲ ಪುಟ ಒಂದೇ ಸಾಲಿಗೆ ಬರುವುದಿಲ್ಲ, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಮಾತು ತುಂಬಿದ ಪುಟಕ್ಕೆ ಇದೇನೂ ಅಲ್ಲ. ಎರಡು ಪುಟಕ್ಕೆ ಹರಡಿದ ನಕ್ಷೆ, ಜಮಾ ಖರ್ಚಿನ ಪಟ್ಟಿ ಇದ್ದರೆ ಕಣ್ಣಿಗೆ ಕಿರಿಕಿರಿ.

ಕೋಂಬ್ ಎಂದರೆ ಬಾಚಣಿಗೆ ಹಲ್ಲಿನ ಹಾಗೆ ಸುರುಟಿದ ಪ್ಲಾಸ್ಟಿಕ್. ಎ4ಗೆ 21 ಹಲ್ಲು, ಹಾಳೆಯಲ್ಲಿ 21 ಆಯತದ ತೂತು. ಮಷೀನಿನ ಸನ್ನೆ ಎಳೆದರೆ ಹಲ್ಲುಗಳು ಒಟ್ಟಿಗೆ ಬಾಯಿ ತೆರೆಯುತ್ತವೆ, ಹಾಳೆಗಳನ್ನು ನೇತುಹಾಕಿ ಸನ್ನೆ ಬಿಟ್ಟರೆ ಮುಚ್ಚಿಕೊಳ್ಳುತ್ತವೆ. ಮತ್ತೆ ತೆರೆಯಬೇಕಾ? ಅದೇ ಮಷೀನು, ಅದೇ ಸನ್ನೆ. ಹಾಳೆ ಹರಿಯದೆ ಹೊರಗೆ ಬರುತ್ತದೆ, ಹೊಸದನ್ನು ನಡುವೆ ಸೇರಿಸಿ ಹಳೆ ಕೋಂಬಿನಲ್ಲೇ ಮುಚ್ಚಬಹುದು. ಪ್ರತಿ ತಿಂಗಳು ಎರಡು ಪುಟ ಬದಲಾಗುವ ದರಪಟ್ಟಿ, ಮೂರು ಸಲ ತಿದ್ದುಪಡಿ ಆಗುವ ಯೋಜನಾ ವರದಿ, ಸ್ಕ್ಯಾನ್ ಮಾಡಿ ವಾಪಸ್ ಕಟ್ಟಬೇಕಾದ ಲೆಕ್ಕಪತ್ರ, ಇವಕ್ಕೆ ನಾನು ಕೋಂಬ್ ಬಿಟ್ಟು ಬೇರೆ ಹೇಳುವುದಿಲ್ಲ.

ಆದರೆ ಕೋಂಬ್ ಮೇಜಿನ ಮೇಲೆ ಇರುವ ವಸ್ತು, ಬ್ಯಾಗಿನಲ್ಲಿ ಓಡಾಡುವ ವಸ್ತು ಅಲ್ಲ. ಭಾರ ಬಿದ್ದರೆ ಹಲ್ಲು ಮುರಿಯುತ್ತದೆ. ಬಿಡಿಸಿಟ್ಟರೆ ಚಪ್ಪಟೆ ಮಲಗುತ್ತದೆ, ಪೂರ್ತಿ ಹಿಂದಕ್ಕೆ ಮಡಚಲು ಹೋಗಬೇಡಿ. ಬಿಸಿಲು ಬೀಳುವ ಕಿಟಕಿ ಪಕ್ಕ ವರ್ಷಗಟ್ಟಲೆ ಇಟ್ಟರೆ ಪೆಡಸಾಗುತ್ತದೆ. ಬೆಂಗಳೂರಿಗೆ ಬಸ್ ಪಾರ್ಸಲ್‌ನಲ್ಲಿ ಕಳಿಸುವ ಪ್ರತಿಗೆ ಕೋಂಬ್ ಹಾಕಿಸಿದರೆ ಗಟ್ಟಿ ಡಬ್ಬಿಯಲ್ಲೇ ಹಾಕಿ ಕಳಿಸಿ.

ಸೈಜು ಆರಿಸಲು ಮೊದಲು ಹೇಳಿದ ದಪ್ಪದ ಲೆಕ್ಕ. ಕಟ್ಟಿನ ದಪ್ಪಕ್ಕೆ ಸುಮಾರು 3 ಮಿಲಿಮೀಟರ್ ಸೇರಿಸಿ. ನೂರು ಹಾಳೆಗೆ 14 ಮಿಲಿಮೀಟರ್ ಕೋಂಬ್. ಬಿಗಿ ಆದರೆ ಹಾಳೆ ತಿರುಗುವುದಿಲ್ಲ, ತೂತು ಹರಿಯುತ್ತದೆ. ಮುಂದೆ ಹಾಳೆ ಸೇರುತ್ತದೆ ಅಂತ ಗೊತ್ತಿದ್ದರೆ ಒಂದು ಸೈಜು ದೊಡ್ಡದು ಹಾಕಿಸಿ. ಕೋಂಬ್ 51 ಮಿಲಿಮೀಟರ್‌ವರೆಗೂ ಸಿಗುತ್ತದೆ. ಆದರೂ ಸ್ಪೈರಲ್ ಇರಲಿ ಕೋಂಬ್ ಇರಲಿ, ಮುನ್ನೂರು ಹಾಳೆ ದಾಟಿದರೆ ಎರಡು ಭಾಗ ಮಾಡಿಸಿ ಅನ್ನುವುದು ನನ್ನ ಮಾತು. ಹಾಳೆಯ ಭಾರಕ್ಕೇ ಮೊದಲ ಮತ್ತು ಕೊನೆಯ ಪುಟಗಳ ತೂತು ಕಿತ್ತುಹೋಗುತ್ತದೆ.

ವೈರೋ: ಚೆಂದಕ್ಕೆ ಕೊಡುವ ದುಡ್ಡು

ಟೇಬಲ್ ಕ್ಯಾಲೆಂಡರಿನ ಮೇಲೆ ಜೋಡಿ ಜೋಡಿ ಲೋಹದ ಉಂಗುರ ನೋಡಿರುತ್ತೀರಿ, ಅದೇ ವೈರೋ. ಹಿಂದಕ್ಕೆ ಪೂರ್ತಿ ಮಡಚುತ್ತದೆ, ಎಡ ಬಲ ಪುಟ ಕೂದಲೆಳೆ ಆಚೀಚೆ ಆಗದೆ ಒಂದೇ ಸಾಲಿಗೆ ನಿಲ್ಲುತ್ತದೆ. ಹೋಮ್‌ಸ್ಟೇ, ರೆಸಾರ್ಟಿನವರು ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟು, ಆರ್ಕಿಟೆಕ್ಟ್ ನಕ್ಷೆ, ಕಂಪನಿ ಪ್ರೆಸೆಂಟೇಶನ್, ಇವಕ್ಕೆ ಕೊಟ್ಟ ದುಡ್ಡು ಕಾಣುತ್ತದೆ.

ಇದರಲ್ಲಿ ಎರಡು ಜಾತಿ. ಇಂಚಿಗೆ ಮೂರು ತೂತಿನದು ಎ4ಗೆ 34 ಉಂಗುರ, ಸುಮಾರು 14 ಮಿಲಿಮೀಟರ್‌ವರೆಗೆ ಬರುತ್ತದೆ, ಅಂದರೆ ನೂರಿಪ್ಪತ್ತು ಹಾಳೆ ಸುಮಾರಿಗೆ. ಅದಕ್ಕಿಂತ ದಪ್ಪಕ್ಕೆ ಇಂಚಿಗೆ ಎರಡು ತೂತಿನದು, 23 ಉಂಗುರ. ಒಂದಕ್ಕೆ ಹೊಡೆದ ತೂತು ಇನ್ನೊಂದಕ್ಕೆ ಆಗುವುದಿಲ್ಲ. ಮಷೀನೂ ಬೇರೆ ಬೇಕು. ಎಲ್ಲ ಅಂಗಡಿಯಲ್ಲೂ ಎರಡೂ ಇರುವುದಿಲ್ಲ, ದಪ್ಪ ಪ್ರತಿ ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ.

ಒಳ್ಳೆ ಕೆಲಸಗಾರ ವೈರೋ ಹಾಕುವಾಗ ಹಿಂಬದಿಯ ಶೀಟನ್ನು ಮುಖಪುಟದ ಮೇಲೆ ಇಟ್ಟು ಉಂಗುರ ಮುಚ್ಚುತ್ತಾನೆ. ಆಮೇಲೆ ಆ ಶೀಟನ್ನು ತಿರುಗಿಸಿ ಹಿಂದಕ್ಕೆ ಹಾಕುತ್ತಾನೆ. ಉಂಗುರದ ಬಾಯಿ ಕೂಡುವ ಜಾಗ ಆಗ ಕೊನೆಯ ಹಾಳೆಗೂ ಹಿಂಬದಿ ಶೀಟಿಗೂ ನಡುವೆ ಅಡಗಿ ಹೋಗುತ್ತದೆ. ಹಾಳೆ ಅಲ್ಲಿಂದ ತಪ್ಪಿಸಿಕೊಳ್ಳುವುದೂ ಇಲ್ಲ. ಕೈಗೆ ಬಂದ ಪ್ರತಿಯಲ್ಲಿ ಆ ಸಂದು ಬೆನ್ನಿನ ಮೇಲೇ ಕಾಣುತ್ತಿದ್ದರೆ ಅವಸರದ ಕೆಲಸ.

ಒಮ್ಮೆ ಮುಚ್ಚಿದ ವೈರೋ ಬಿಚ್ಚಬೇಕಾದರೆ ಕತ್ತರಿಸಿ ಹೊಸದು ಹಾಕಬೇಕು. ಹಾಗಾಗಿ ಮೇಲಿನವರು ನೋಡಿ ಒಪ್ಪದ ಕರಡು ಪ್ರತಿಗೆ ವೈರೋ ಹಾಕಿಸುವುದು ದಂಡ. ಕರಡಿಗೆ ಕೋಂಬ್, ಅಂತಿಮ ಪ್ರತಿಗೆ ವೈರೋ.

ಥರ್ಮಲ್: ಯಾರೂ ಬಿಚ್ಚಬಾರದು ಅನ್ನುವವರಿಗೆ

ಇದರಲ್ಲಿ ತೂತೇ ಇಲ್ಲ. ಬೆನ್ನಿನಲ್ಲಿ ಅಂಟು ಇರುವ ರಟ್ಟಿನೊಳಗೆ ಹಾಳೆ ಇಟ್ಟು ಮಷೀನಿನಲ್ಲಿ ಒಂದೆರಡು ನಿಮಿಷ ಬಿಸಿ ಮಾಡಿದರೆ ಅಂಟು ಕರಗಿ ಹಿಡಿಯುತ್ತದೆ. ತಣ್ಣಗಾಗುವವರೆಗೆ ಮುಟ್ಟದೆ ನಿಲ್ಲಿಸಬೇಕು. ನೋಡಲು ಪುಸ್ತಕದ ಹಾಗೆ, ಬೀರುವಿನಲ್ಲಿ ಚಪ್ಪಟೆ ನಿಲ್ಲುತ್ತದೆ, ಅಂಚೆಯಲ್ಲಿ ಜಜ್ಜಿಹೋಗಲು ಸುರುಳಿ ಇಲ್ಲ. ನಡುವಿನಿಂದ ಒಂದು ಹಾಳೆ ಕಿತ್ತರೆ ಗುರುತು ಸಿಗುತ್ತದೆ. ಒಪ್ಪಂದದ ಪ್ರತಿ, ಮೌಲ್ಯಮಾಪನ ವರದಿ, ಖಾಸಗಿ ಟೆಂಡರಿಗೆ ಇದೊಂದು ಅನುಕೂಲ. ಟೆಂಡರಿಗೆ ಕೊಡುವ ಮೊದಲು ಷರತ್ತು ಓದಿ. ಬಿಡಿ ಹಾಳೆ ಬೇಡ, ಇಂಥದ್ದೇ ಬೈಂಡಿಂಗ್ ಇರಲಿ ಅಂತ ಕೆಲವರು ಬರೆದಿರುತ್ತಾರೆ.

ಪುಸ್ತಕ ಚಪ್ಪಟೆ ಮಲಗುವುದಿಲ್ಲ ಅನ್ನುವುದು ದೊಡ್ಡ ಕೊರತೆ. ಪಕ್ಕದಲ್ಲಿ ಇಟ್ಟುಕೊಂಡು ಟೈಪ್ ಮಾಡುವವರು ಶಾಪ ಹಾಕುತ್ತಾರೆ. ನುಣುಪು ಹಾಳೆಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ರಟ್ಟಿನ ಬೆನ್ನಿನ ಅಳತೆ ಕಟ್ಟಿನ ದಪ್ಪಕ್ಕೆ ಹೊಂದಬೇಕು, ಸಡಿಲ ಆದರೆ ನಡುವಿನ ಹಾಳೆ ಉದುರುತ್ತದೆ.

ಮಳೆಗಾಲದಲ್ಲಿ ಒಂದಿಷ್ಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕಡೆ ಕಾಗದ ತೇವ ಕುಡಿದು ಮೆತ್ತಗಾಗುತ್ತದೆ. ಮೆತ್ತಗಾದ ಹಾಳೆಗೆ ಪಂಚ್ ಹೊಡೆದರೆ ತೂತಿನ ಅಂಚು ಸೀಳುತ್ತದೆ. ಮಾಮೂಲಿ ಹತ್ತು ಹಾಳೆ ಹೊಡೆಯುವ ಕಡೆ ಐದಾರು ಹೊಡೆಯಿರಿ. ರೀಮಿನ ಕವರು ಒಡೆದ ಮೇಲೆ ಉಳಿದ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ತೇವ ಇರುವ ಕಾಗದವನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಟ್ಟರೆ ಮಾತ್ರ ಬೂಷ್ಟು ಬರುತ್ತದೆ, ಒಣಗಿಸಿ ಇಡಿ. ತೋಟದ ಆಫೀಸಿನಲ್ಲಿ ವರ್ಷಗಟ್ಟಲೆ ಇಡುವುದಕ್ಕೆ ಲೋಹಕ್ಕಿಂತ ಪ್ಲಾಸ್ಟಿಕ್ ಅಥವಾ ದಾರ ವಾಸಿ.

ಕ್ರಯಪತ್ರ, ಹಳೇ ಖಾತೆ, ಅಂಕಪಟ್ಟಿ, ಇಂಥ ಮೂಲ ಪತ್ರಕ್ಕೆ ಯಾವ ಬೈಂಡಿಂಗೂ ಬೇಡ. ತೂತು ಹೊಡೆಯಬೇಡಿ, ಪಿನ್ ಹಾಕಬೇಡಿ. ಜೆರಾಕ್ಸ್ ಪ್ರತಿಗೆ ಬೇಕಾದ್ದು ಮಾಡಿ, ಮೂಲವನ್ನು ಕವರಿನಲ್ಲಿ ಬಿಡಿಯಾಗಿ ಇಡಿ. ಕೋರ್ಟಿಗೆ ಹೋಗುವ ಕಾಗದವನ್ನು ಹೇಗೆ ಕಟ್ಟಬೇಕು ಅಂತ ವಕೀಲರ ಗುಮಾಸ್ತರನ್ನೇ ಕೇಳಿ.

ಪ್ರಿಂಟ್ ಕೊಡುವ ಮೊದಲು ಎಡಗಡೆ ಒಂದೂವರೆ ಇಂಚು ಜಾಗ ಬಿಡಿ. ಎರಡೂ ಕಡೆ ಪ್ರಿಂಟಾದರೆ ವರ್ಡ್‌ನಲ್ಲಿ ಮಿರರ್ ಮಾರ್ಜಿನ್ ಹಾಕಿ, ಹಿಂಬದಿ ಪುಟದಲ್ಲಿ ಆ ಜಾಗ ಬಲಗಡೆಗೆ ಬರುತ್ತದೆ. ಇಲ್ಲದಿದ್ದರೆ ಹಿಂಬದಿ ಪುಟದ ಸಾಲಿನ ಕೊನೆಯ ಅಕ್ಷರಗಳ ಮೇಲೇ ತೂತು ಬೀಳುತ್ತದೆ.

ಅಂಗಡಿಗೆ ಹೋಗುವುದಾ, ಮಷೀನೇ ತರುವುದಾ

ನಮ್ಮ ಕಡೆ ತೆಳು ಪ್ರತಿಯ ಸ್ಪೈರಲ್ಲಿಗೆ 30–40 ರೂಪಾಯಿ ಆಸುಪಾಸು, ದಪ್ಪ ಆದಂತೆ ಏರುತ್ತದೆ. ಕೈಯಲ್ಲಿ ಒತ್ತುವ ಎ4 ಮಷೀನು, ಸ್ಪೈರಲ್ ಆಗಲಿ ಕೋಂಬ್ ಆಗಲಿ, ಸುಮಾರು 4,000ದಿಂದ 8,000 ರೂಪಾಯಿ ಒಳಗೆ ಬರುತ್ತದೆ. ವೈರೋ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಒಂದು ಪ್ರತಿಗೆ 25 ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. 6,000ದ ಮಷೀನಿನ ದುಡ್ಡು ವಾಪಸ್ ಬರಲು 240 ಪ್ರತಿ ಆಗಬೇಕು. ವರ್ಷಕ್ಕೆ ಮೂವತ್ತು ಪ್ರತಿ ಮಾಡಿಸುವ ಪಂಚಾಯಿತಿಗೆ, ಶಾಲೆಗೆ ಮಷೀನು ಬೇಡ, ಅಂಗಡಿಯೇ ಲಾಭ. ವಾರಕ್ಕೆ ಹತ್ತು ಪ್ರತಿ ಕಟ್ಟುವ ಆಡಿಟರ್ ಆಫೀಸಿಗೆ ಆರು ತಿಂಗಳೊಳಗೆ ಹುಟ್ಟುತ್ತದೆ.

ಆಫೀಸಿಗೇ ತರುವುದಾದರೆ ಕೋಂಬ್ ತನ್ನಿ. ಕಲಿಯುವುದು ಸುಲಭ, ತಪ್ಪಾದರೆ ಬಿಚ್ಚಿ ಸರಿ ಮಾಡಬಹುದು, ಅದೇ ಕೋಂಬ್ ಮತ್ತೆ ಬಳಸಬಹುದು. ಕೊಳ್ಳುವಾಗ ನಿಮ್ಮದೇ ಆಫೀಸಿನ ಹಾಳೆ ಕಟ್ಟು ಜೊತೆಗೆ ತೆಗೆದುಕೊಂಡು ಹೋಗಿ. ಒಂದೇ ಸಲಕ್ಕೆ ಎಷ್ಟು ಹಾಳೆಗೆ ತೂತು ಬೀಳುತ್ತದೆ ಅಂತ ಎದುರಿಗೇ ಹೊಡೆಸಿ ನೋಡಿ, ಪ್ಲಾಸ್ಟಿಕ್ ಶೀಟನ್ನೂ ಹೊಡೆಸಿ. ನಿಮ್ಮಲ್ಲಿ ಲೀಗಲ್ ಸೈಜು ಬಳಕೆ ಇದ್ದರೆ ಅದೂ ಒಂದು ಹಾಳೆ ಇರಲಿ, ಎ4ಗೆ ಮಾತ್ರ ಅಂತ ಮಾಡಿದ ಮಷೀನಿನಲ್ಲಿ ಉದ್ದ ಹಾಳೆ ಕೂರದೆ ಇರಬಹುದು. ಕೆಳಗಿನ ಚೂರಿನ ತಟ್ಟೆ ಸಲೀಸಾಗಿ ಹೊರಗೆ ಬರುತ್ತದಾ ಅನ್ನುವುದನ್ನೂ ಎಳೆದು ನೋಡಿ. ಅದು ತುಂಬಿದ್ದು ಗೊತ್ತಾಗದೆ ಸನ್ನೆ ಒತ್ತಿದರೆ ಚೂರು ಹಿಂದಕ್ಕೆ ಒತ್ತಿ ತೂತಿನ ಮೊಳೆಗಳೇ ಸಿಕ್ಕಿಕೊಳ್ಳುತ್ತವೆ. ರಿಪೇರಿಗೆ ಬರುವ ಮಷೀನುಗಳಲ್ಲಿ ನಾನು ಮೊದಲು ಬಿಚ್ಚಿ ನೋಡುವುದೇ ಆ ತಟ್ಟೆಯನ್ನು.